ಕಾಲು ತೊಳೆದು ಹೋಗಬೇಕಾದ ಲೋಕ

ನಾನು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಗ್ರಹಗಳ ಮಾತು ಬಂದರೆ ನನಗೆ ಮೈಮೇಲೆ ದೇವರು ಬಂದ ಹಾಗೆ. ಪುಸ್ತಕದಲ್ಲಿ ಎರಡು ಪುಟ ಇರುವುದನ್ನು ಎರಡು ವಾರ ಹೇಳುತ್ತೇನೆ. ಗುರುಗ್ರಹದ ಒಂದು ಚಂದ್ರನ ಮೇಲೆ ಹಿಮದ ದಪ್ಪ ಹೊದಿಕೆ, ಅದರ ಕೆಳಗೆ ಉಪ್ಪುನೀರಿನ ಸಮುದ್ರ ಇರಬಹುದು. ಶನಿಯ ಒಂದು ಚಂದ್ರ ಬಿರುಕುಗಳಿಂದ ನೀರು ಚಿಮ್ಮಿಸುತ್ತದೆ. ನೀರಿದ್ದ ಕಡೆ ಜೀವ ಇದ್ದರೂ ಇದ್ದೀತು. ಸ್ಟಾಫ್ ರೂಮಿನಲ್ಲಿ "ಮೇಷ್ಟ್ರು ಇವತ್ತು ಯಾವ ಗ್ರಹದಲ್ಲಿದ್ದಾರೆ?" ಎಂದು ಕಿಚಾಯಿಸುತ್ತಿದ್ದರು. ನನಗೆ ಅದೂ ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು.

ಆ ವರ್ಷ ಹತ್ತನೇ ಕ್ಲಾಸಿನಲ್ಲಿ ಯಲ್ದೂರಿನ ಆಚೆಯ ಹಳ್ಳಿಯಿಂದ ಬರುವ ಒಬ್ಬ ಹುಡುಗಿ ಇದ್ದಳು. ಕೋಲಾರದಲ್ಲಿ ನಡೆಯುವ ವಿಜ್ಞಾನ ಪ್ರದರ್ಶನಕ್ಕೆ ಅವಳನ್ನು ನಾನೇ ಆರಿಸಿ, 'ಬೇರೆ ಚಂದ್ರರಲ್ಲಿ ಜೀವ ಇದೆಯೇ' ಎಂಬ ವಿಷಯ ಕೊಟ್ಟಿದ್ದೆ. ಥರ್ಮೋಕೋಲಿನಲ್ಲಿ ಹಿಮದ ಚಂದ್ರನ ಮಾದರಿ ಮಾಡಬೇಕು, ಪಕ್ಕದಲ್ಲಿ ನಿಂತು ವಿವರಿಸಬೇಕು. ಒಂದು ದಿನ ಕ್ಲಾಸು ಮುಗಿದ ಮೇಲೆ ಬಂದು ಕೇಳಿದಳು.

"ಸಾರ್, ಅಲ್ಲಿ ಹುಳಾನೋ ಏನೋ ಇದ್ರೆ, ನಾವು ಕಳಿಸೋ ಮಿಷಿನ್ ಜೊತೆ ನಮ್ಮ ಕ್ರಿಮಿ ಹೋಗಿ ಅವನ್ನ ಸಾಯಿಸಿಬಿಡಲ್ವಾ?"

ಇಷ್ಟು ವರ್ಷದಲ್ಲಿ ಯಾವ ಮಗುವೂ ಕೇಳದಿದ್ದ ಪ್ರಶ್ನೆ. ಖುಷಿಯಿಂದ ಉಬ್ಬಿಹೋದೆ. ನೌಕೆಯನ್ನು ಧೂಳೇ ಇಲ್ಲದ ಕೋಣೆಯಲ್ಲಿ ಕಟ್ಟುತ್ತಾರೆ, ಒಳಗೆ ಹೋಗುವವರು ತಲೆಯಿಂದ ಕಾಲಿನವರೆಗೆ ಮುಚ್ಚಿಕೊಳ್ಳುತ್ತಾರೆ, ಬಿಡಿಭಾಗಗಳನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಾರೆ, ಕಾಯಿಸುತ್ತಾರೆ ಎಂದೆಲ್ಲ ಹೇಳಿದೆ. ಇನ್ನೊಂದು ಲೋಕದ ಜೀವವನ್ನು ನಮ್ಮ ಕೊಳೆಯಿಂದ ಕಾಪಾಡುವುದು ಮನುಷ್ಯನ ಧರ್ಮ ಎಂದು ಭಾಷಣವನ್ನೂ ಬಿಗಿದೆ.

"ಹಂಗಾದ್ರೆ ನಮ್ಮ ಹುಳುಮನೆ ಥರಾನೇ ಸಾರ್," ಎಂದಳು. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹೊಸ್ತಿಲಲ್ಲಿ ಕಾಲು ಅದ್ದಲು ಬ್ಲೀಚಿಂಗ್ ಪೌಡರ್ ನೀರಿನ ತಟ್ಟೆ, ಸುಣ್ಣದ ಗೆರೆ, ಕೈ ತೊಳೆಯದೆ ಯಾರೂ ಒಳಗೆ ಬರುವ ಹಾಗಿಲ್ಲ. ಅದನ್ನೇ ಚಾರ್ಟಿನಲ್ಲಿ ಬರೆಯಲಾ ಎಂದು ಕೇಳಿದಳು.

"ಇದು ಸೈನ್ಸು ಕಣಮ್ಮಾ. ಹುಳುಮನೆ ಅಂತೆಲ್ಲ ಬರೆದ್ರೆ ಜಡ್ಜುಗಳು ನಗ್ತಾರೆ," ಎಂದೆ. ಅವಳು ಅದನ್ನು ಬಿಟ್ಟು ಚಾರ್ಟು ಬರೆದಳು. ನಾನಾದರೋ ಮುಳಬಾಗಿಲು ತಾಲ್ಲೂಕಿನಲ್ಲಿ ಅದೇ ಹುಳುಗಳ ನಡುವೆ ಮಲಗಿ ಎದ್ದು ಬೆಳೆದವನು. ದೇವರಾಯಸಮುದ್ರದ ಹತ್ತಿರದ ಊರಿನಲ್ಲಿ ನನ್ನ ಅಣ್ಣ ಈಗಲೂ ಸಾಕುತ್ತಾನೆ. ಸಂಬಳದ ಕೆಲಸ ಸಿಕ್ಕವನಿಗೆ ಹುಟ್ಟಿದ ಮನೆಯ ವಿದ್ಯೆ ಕೀಳಾಗಿ ಕಂಡಿತು, ಅಷ್ಟೆ.

ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಒಂದು ಭಾನುವಾರ ಅಣ್ಣನ ಮನೆಗೆ ಹೋಗಿದ್ದೆ. ಅವನ ಹುಳುಗಳಿಗೆ ಹಾಲುತೊಂಡೆ ರೋಗ ಬಡಿದಿತ್ತು. ಮೈ ಊದಿ, ಸಾಕುವ ತಟ್ಟೆಯ ಅಂಚಿಗೆಲ್ಲ ಹರಿದಾಡಿ, ಮುಟ್ಟಿದರೆ ಹಾಲಿನಂಥ ಕೀವು ಸುರಿಸುವ ರೋಗ. ಆ ಹಾಲು ತಗುಲಿದ ಕಡೆಯೆಲ್ಲ ಅದು ಹರಡುತ್ತದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಅಣ್ಣನ ಜೊತೆ ಕೂತು ರೋಗದ ಹುಳುಗಳನ್ನು ಆರಿಸಿ, ಗುಂಡಿ ತೋಡಿ ಹೂಳಿದೆವು. ಅತ್ತಿಗೆ ಸೋಪು ಕೊಟ್ಟಳು, ಕೈ ತೊಳೆದೆ. ಅಂಗಿ ಬದಲಾಯಿಸಲಿಲ್ಲ.

ವಾಪಸು ಬರುವಾಗ, ಹೇಗೂ ದಾರಿ ಎಂದು, ಮಾದರಿ ಎಲ್ಲಿಗೆ ಬಂತೆಂದು ನೋಡಲು ಹುಡುಗಿಯ ಮನೆಗೆ ಬೈಕು ತಿರುಗಿಸಿದೆ. ಅವರಿಗೆ ಬೇರೆ ಕಟ್ಟಡ ಇಲ್ಲ, ನಡುಮನೆಯೇ ಹುಳುಮನೆ. ಮಾದರಿ ಇದ್ದದ್ದು ಅದನ್ನು ದಾಟಿದ ಕೋಣೆಯಲ್ಲಿ. ಅವಳ ತಾಯಿ ಬಾಗಿಲಿಗೆ ಬಂದು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳಿದರು.

"ತಪ್ಪು ತಿಳ್ಕೋಬೇಡಿ ಸಾರ್. ಹುಳ ಇರೋ ಮನೆಗೆ ಎಲ್ಲಾದ್ರೂ ಹೋಗಿದ್ರಾ?"

ಹುಳು ಸಾಕುವ ಊರುಗಳಲ್ಲಿ ಈ ಪ್ರಶ್ನೆಗೆ ಯಾರೂ ಸುಳ್ಳು ಹೇಳುವುದಿಲ್ಲ. ಜಮೀನಿನ ಬದುವಿಗಾಗಿ ಕೋರ್ಟು ಹತ್ತಿದ ದಾಯಾದಿಯೂ "ಹೋಗಿದ್ದೆ" ಎಂದು ಜಗಲಿಯಲ್ಲೇ ಕೂತು ಎದ್ದು ಹೋಗುತ್ತಾನೆ. ನಾನು "ಇಲ್ಲಮ್ಮಾ" ಎಂದೆ. ಯಾಕೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಣ್ಣನ ಬೆಳೆ ಕೆಟ್ಟದ್ದು ಬಾಯಿಂದ ಬಾಯಿಗೆ ಹೋದೀತೆಂಬ ಮುಜುಗರ ಸ್ವಲ್ಪ. ಮೇಷ್ಟ್ರನ್ನು ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸುತ್ತಾಳಲ್ಲ ಎಂಬ ಸಿಟ್ಟು ಜಾಸ್ತಿ. ಮಾದರಿಯನ್ನು ಹೊರಗೇ ತರಿಸಬಹುದಿತ್ತು. ಅದರ ಬದಲು ಹೊಸ್ತಿಲ ತಟ್ಟೆಯ ನೀರಿನಲ್ಲಿ ಕಾಲು ಅದ್ದಿದಂತೆ ಮಾಡಿ ಒಳಗೆ ನಡೆದೆ. ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಸೊಪ್ಪು ಮೇಯುತ್ತಿದ್ದ ಹುಳುಗಳಲ್ಲಿ ಒಂದನ್ನು ಎತ್ತಿ ಅಂಗೈಮೇಲೆ ಇಟ್ಟುಕೊಂಡು, "ಒಳ್ಳೇ ಹುಳ" ಎಂದು ಸರ್ಟಿಫಿಕೇಟನ್ನೂ ಕೊಟ್ಟು, ಮತ್ತೆ ಹುಳುಗಳ ತಟ್ಟೆಗೆ ಬಿಟ್ಟೆ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂಬ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಗೂಡು ಕಟ್ಟುವ ಹೊತ್ತಿಗೆ ಅವರ ಹುಳುಗಳು ಊದಿಕೊಂಡವು. ನನಗೆ ಗೊತ್ತಾದದ್ದು ಪ್ರದರ್ಶನದ ದಿನ ಕೋಲಾರದಲ್ಲೇ. ತೀರ್ಪುಗಾರರಾಗಿ ಬಂದಿದ್ದ ಒಬ್ಬ ಹೆಂಗಸು, "ಇಷ್ಟೆಲ್ಲ ಶುಚಿ ಮಾಡಿದರೂ ಕ್ರಿಮಿ ಹೋಗಿಬಿಟ್ಟರೆ?" ಎಂದು ಕೇಳಿದರು. ಹುಡುಗಿ ಬಾಯಿಪಾಠ ಮಾಡಿದ್ದನ್ನು ಬಿಟ್ಟು ತನ್ನ ಮಾತಿನಲ್ಲಿ ಹೇಳಿದಳು.

"ಹೋಗ್ಬಿಟ್ರೆ ಆಮೇಲೆ ಏನೂ ಮಾಡಕ್ಕಾಗಲ್ಲ ಮೇಡಂ. ಮೊನ್ನೆ ನಮ್ಮನೇಲಿ ಹುಳ ಎಲ್ಲಾ ಹೋಯ್ತು. ನಾನೇ ತಂದಿದ್ದು. ಇದಕ್ಕೆ ಪೇಂಟ್ ತರಕ್ಕೆ ಅಂತ ಗೆಳತಿ ಮನೆಗೆ ಹೋಗಿದ್ದೆ, ಅವ್ರೂ ಹುಳ ಸಾಕ್ತಾರೆ. ವಾಪಸ್ ಬಂದು ಸ್ನಾನ ಮಾಡ್ಕೊಂಡೇ ಒಳಗೆ ಹೋದೆ. ಆದ್ರೂ ಬಂದ್ಬಿಡ್ತು."

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಅವಳ ಗೆಳತಿಯ ಮನೆಯ ಹುಳುಗಳು ಚೆನ್ನಾಗಿಯೇ ಗೂಡು ಕಟ್ಟಿದ್ದವೆಂದು ಆಮೇಲೆ ಕೇಳಿ ತಿಳಿದುಕೊಂಡೆ. ರೋಗ ತಂದವನು ನಾನೇ ಎಂದು ಪ್ರಮಾಣ ಮಾಡಿ ಹೇಳುವಷ್ಟು ಪುರಾವೆ ಇಲ್ಲ, ನಿಜ. ಆ ಪುರಾವೆ ಇಲ್ಲದ್ದನ್ನೇ ಹಿಡಿದುಕೊಂಡು ಸಂಜೆಯವರೆಗೆ ಬಾಯಿ ಮುಚ್ಚಿಕೊಂಡಿದ್ದೆ.

ಎರಡನೇ ಬಹುಮಾನ ಬಂತು. ವಾಪಸು ಬರುವ ಬಸ್ಸಿನಲ್ಲಿ ಅವಳು ಮಾದರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಕಷ್ಟ ಸುಖ ಮಾತಾಡುತ್ತಾ, ಜ್ವರ ಎದ್ದ ಹುಳುಗಳಿಗೆ ಮೊದಲ ಸೊಪ್ಪು ಹಾಕುವುದು ಚಿಕ್ಕಂದಿನಿಂದ ತನ್ನ ಕೆಲಸವಾಗಿತ್ತೆಂದೂ, ತನ್ನ ಕೈಗುಣ ಒಳ್ಳೆಯದೆಂದು ಅಮ್ಮ ಊರಿಗೆಲ್ಲ ಹೇಳುತ್ತಿದ್ದರೆಂದೂ ಹೇಳಿದಳು. "ಈಗ ತಟ್ಟೆ ಮುಟ್ಟಬೇಡ ಅಂದ್ಬಿಟ್ಟಿದ್ದಾರೆ ಸಾರ್. ನಿನ್ನ ಕೈ ಕೆಡ್ತು ಅಂದ್ರು." ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳುವ ನೆಪದಲ್ಲಿ ನಾನು ಮತ್ತೆ ತಪ್ಪಿಸಿಕೊಳ್ಳುತ್ತಿದ್ದೆನೇನೋ.

ಹೇಳಿಬಿಟ್ಟೆ. ಅಣ್ಣನ ಮನೆ, ಗುಂಡಿ, ಅಂಗಿ, ಬಾಗಿಲಲ್ಲಿ ಆಡಿದ ಸುಳ್ಳು, ಎಲ್ಲ. "ಅಮ್ಮಂಗೆ ನೀವೇ ಹೇಳಿ ಸಾರ್. ನಾನು ಹೇಳಿದ್ರೆ ನಂಬಲ್ಲ, ಮೇಷ್ಟ್ರ ಮೇಲೆ ಹಾಕ್ತೀಯಾ ಅಂತ ಬೈತಾರೆ," ಎಂದಳು.

"ಇವತ್ತೇ ಹೇಳ್ತೀನಿ," ಎಂದೆ. ಆ ಗಳಿಗೆಯಲ್ಲಿ ಅದು ಸತ್ಯವಾಗಿಯೇ ಇತ್ತು.

ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಅವಳ ತಾಯಿ ಕಾಯುತ್ತಿದ್ದರು. ಬಹುಮಾನ ಕೇಳಿ ಮುಖ ಅರಳಿತು. ಅಲ್ಲೇ ನಿಂತಿದ್ದ ಇಬ್ಬರು ಹೆಂಗಸರನ್ನು ಕರೆದು, ಮಗಳನ್ನು ಇಷ್ಟು ಮುಂದೆ ತಂದ ಮೇಷ್ಟ್ರು ಇವರೇ ಎಂದು ತೆಲುಗಿನಲ್ಲಿ ಹೇಳಿದರು. ನಾನು ಕೈ ಮುಗಿದೆ. ಆಮೇಲೆ ಅವರು ದನಿ ತಗ್ಗಿಸಿ ಕೇಳಿದರು.

"ಸಾರ್, ನೀವು ಸೈನ್ಸ್ ಓದಿದೋರು. ನಮ್ಮ ಹುಡುಗಿ ಕೈಯಿಂದ್ಲೇ ಬಂತಾ ಆ ರೋಗ? ಇಲ್ಲಾ ಬೇರೆ ಹೆಂಗಾದ್ರೂ ಬಂದಿರತ್ತಾ? ನೀವು ಹೇಳಿದ್ರೆ ನಂಬ್ತೀನಿ."

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಇಬ್ಬರು ಹೆಂಗಸರೂ ನೋಡುತ್ತಿದ್ದರು. ಮೂರು ಮಾತು ಸಾಕಿತ್ತು.

"ಹಾಗೆ ಹೇಳಕ್ಕಾಗಲ್ಲಮ್ಮಾ," ಎಂದೆ, ಪಾಠ ಹೇಳುವ ಗತ್ತಿನಲ್ಲಿ. "ಅದು ಗಾಳೀಲೂ ಬರುತ್ತೆ."

ತಾಯಿ ಮಗಳ ಕಡೆ ತಿರುಗಿ, "ಹೌದೇನೇ?" ಎಂದರು. ಹುಡುಗಿ ನನ್ನ ಮೇಲಿಂದ ಕಣ್ಣು ತೆಗೆದು ಕೈಯಲ್ಲಿದ್ದ ಬಿಳಿ ಚಂದ್ರನನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು.

"ಹೂಂ ಅಮ್ಮಾ. ಗಾಳೀಲೂ ಬರುತ್ತೆ. ನಡಿ, ಹೊತ್ತಾಯ್ತು," ಎಂದಳು.