ಎರಡನೆಯ ಈಡು

ಸೊಳ್ಳೆಯನ್ನು ಕೂಡ ಒಂದೇ ಏಟಿಗೆ ಹೊಡೆದು ಗೊತ್ತಿಲ್ಲದ ಗದುಗಿನ ಜೋಶಿ ನಾನು. ಶ್ರಾವಣದಲ್ಲಿ ಈರುಳ್ಳಿ ತಿಂದದ್ದನ್ನೇ ಪರಾಕ್ರಮವೆಂದು ಹೇಳಿಕೊಂಡು ತಿರುಗಿದವನು. ಅಂಥವನು ಅಮೆರಿಕದ ಎವರೆಟ್‌ನ ಒಂದು ಗ್ಯಾರೇಜಿನಲ್ಲಿ ಕೂತು, ಕೋವಿಯಿಂದ ಹಾರದ ತೋಟಾಗಳ ನಾಡಿ ಹಿಡಿಯುವ ವೈದ್ಯನಾದದ್ದು ಹೇಗೆ ಎಂದು ನನ್ನ ಹೆಂಡತಿ ಈಗಲೂ ಕೇಳುತ್ತಾಳೆ.

ಅದಕ್ಕೆಲ್ಲ ಪೊನ್ನಪ್ಪನೇ ಕಾರಣ. ಕೊಡಗಿನವನು, ವಿಮಾನ ಕಟ್ಟುವ ಕಾರ್ಖಾನೆಯಲ್ಲಿ ಎಂಜಿನಿಯರು. ಯುಗಾದಿಯ ಊಟದಲ್ಲಿ ಪಕ್ಕ ಕೂತವನು ನನ್ನ ಕೆಲಸವೇನೆಂದು ಕೇಳಿದ. ಕರ್ಕ್‌ಲ್ಯಾಂಡಿನಲ್ಲಿ ಸಾಫ್ಟ್‌ವೇರ್ ಟೆಸ್ಟರು, ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ ಹೊಟ್ಟೆ ಹೊರೆಯುತ್ತೇನೆ ಎಂದೆ.

“ಹಾಗಾದ್ರೆ ಶನಿವಾರ ಮನೆಗೆ ಬನ್ನಿ ಜೋಶಿ. ನಾನು ಮಾಡಿದ ತೋಟಾ ಸುಮಾರು ಹಾರ್ತಾನೇ ಇಲ್ಲ. ನೀವೇ ಬಗ್ ಹುಡುಕಿ,” ಎಂದ.

ಮಾತಿನಲ್ಲಿ ನಾವು ಕೊನೆಯವರೆಗೂ ಬಹುವಚನ ಬಿಡಲಿಲ್ಲ. ಮನಸ್ಸಿನಲ್ಲಿ ಯಾವಾಗಲೋ ಏಕವಚನಕ್ಕೆ ಇಳಿದಿದ್ದೆವು. ಅದಕ್ಕೇ ಇಲ್ಲಿ ಹೀಗೆ ಬರೆಯುತ್ತಿದ್ದೇನೆ.

ತೋಟಾ ಮಾಡುವುದೆಂದರೆ, ಒಮ್ಮೆ ಹಾರಿಸಿದ ಹಿತ್ತಾಳೆಯ ಕೊಳವೆಯನ್ನು ಎಸೆಯದೆ ತೊಳೆದು, ಬುಡದಲ್ಲಿ ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಬಾಯಿಗೆ ಗುಂಡು ಒತ್ತುವುದು. ಕೇಪು ಅಂದರೆ ತೊಗರಿಬೇಳೆ ಗಾತ್ರದ ಲೋಹದ ಟೋಪಿ. ಕೋವಿಯ ಸೂಜಿ ಅದಕ್ಕೆ ಬಡಿದರೆ ಕಿಡಿ, ಕಿಡಿಯಿಂದ ಮದ್ದು, ಆಮೇಲೆ ಢಂ. ಅಂಗಡಿಯಲ್ಲೇ ಸಿಗುತ್ತದಲ್ಲ ಮಾರಾಯರೇ ಎಂದರೆ, “ಅಂಗಡೀಲಿ ಇಡ್ಲಿ ಹಿಟ್ಟೂ ಸಿಗುತ್ತೆ. ನಿಮ್ಮನೇಲಿ ಯಾಕೆ ರುಬ್ತೀರಿ?” ಎಂದು ನನ್ನ ಬಾಯಿ ಮುಚ್ಚಿಸಿದ.

ತರ್ಕಶಾಸ್ತ್ರದವರದು ಸುಲಭದ ಕೆಲಸ. ಬೆಟ್ಟದ ಮೇಲೆ ಹೊಗೆ ಕಂಡರು, ಬೆಂಕಿಯಿದೆ ಎಂದು ತೀರ್ಮಾನಿಸಿದರು. ನಮ್ಮ ಮುಂದೆ ಹೊಗೆಯೂ ಇಲ್ಲ, ಬೆಂಕಿಯೂ ಇಲ್ಲ, ಯಾಕಿಲ್ಲ ಎಂದು ಹೇಳಬೇಕು. ನನಗೆ ಗೊತ್ತಿದ್ದ ವಿದ್ಯೆ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡುವುದು. ಮದ್ದು ಬದಲಾಯಿಸಿದೆವು, ಕೊಳವೆ ಬದಲಾಯಿಸಿದೆವು. ಕೊನೆಗೆ ಕಳ್ಳ ಸಿಕ್ಕಿದ್ದು ದೇವರ ಮನೆಯಲ್ಲಿ. ಕೊಡವರಿಗೆ ಸೆಪ್ಟೆಂಬರಿನಲ್ಲಿ ಕೋವಿಗೆ ಪೂಜೆ ಮಾಡುವ ಹಬ್ಬ, ಕೈಲ್‌ಪೊಳ್ದ್. ಪೊನ್ನಪ್ಪನ ಹೆಂಡತಿ ದೇಚಮ್ಮ ಕೋವಿಗೆ ಹಿತ್ತಲಿನ ಡೇಲಿಯ ಹೂ ಏರಿಸಿ, ಪಾಪ ಕೇಪುಗಳಿಗೆ ಯಾಕೆ ಭೇದ ಎಂದು ಆ ಡಬ್ಬಿಯನ್ನೂ ತೆರೆದಿಟ್ಟು, ದೀಪದ ಎಣ್ಣೆಯ ಕೈಯಲ್ಲೇ ಒಳಗೆ ಗಂಧ ಚಿಮುಕಿಸಿದ್ದರು. ಎಣ್ಣೆ ತಾಗಿದ ಕೇಪಿನಿಂದ ಕಿಡಿ ಎಲ್ಲಿಂದ ಬರಬೇಕು? ನಾನು ವರದಿ ಒಪ್ಪಿಸಿದಾಗ ಪೊನ್ನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ದೇಚಮ್ಮ ಮಾತ್ರ, “ಪೂಜೆ ಮಾಡದಿದ್ರೆ ಒಂದೂ ಹಾರ್ತಿರಲಿಲ್ಲ, ಗೊತ್ತಾಯ್ತಾ?” ಅಂದರು.

ಅಲ್ಲಿಂದ ಟೋಟೆಮ್ ಲೇಕ್‌ನ ನನ್ನ ಅಪಾರ್ಟ್‌ಮೆಂಟಿನಿಂದ ಶನಿವಾರ ಶನಿವಾರ ಎವರೆಟ್‌ಗೆ ಕಾರು ತಾನೇ ಹೋಗತೊಡಗಿತು. ಗುಂಡು ಗುರಿಯ ಸುತ್ತ ಚೆಲ್ಲಾಡಿದ ವರ್ಷ ಒಂದು, ತೋಟಾ ಕೋವಿಯೊಳಗೆ ಸಿಕ್ಕಿಕೊಂಡು ಹಟ ಹಿಡಿದ ವರ್ಷ ಇನ್ನೊಂದು. ಎಲ್ಲಕ್ಕೂ ನಾನು ಬೇಕು. ಆದರೆ ಕೋವಿ ಮಾತ್ರ ಮುಟ್ಟಲಿಲ್ಲ. ಒಂದು ಹೊಡೀರಿ ಎಂದು ಪೊನ್ನಪ್ಪ ಕರೆದಾಗಲೆಲ್ಲ, “ಹೊಡಿಯೂದು ನಿಮ್ಮ ಇಲಾಖೆರಿ, ಹಾರಲಿಲ್ಲಂದ್ರ ನಂದು,” ಎಂದು ತಪ್ಪಿಸಿಕೊಳ್ಳುತ್ತಿದ್ದೆ. ದೇಚಮ್ಮ ಮಾಡಿದ ಕಡುಬು ನನ್ನ ಪಾಲಿಗೆ ಬೇರೆ ಪಾತ್ರೆಯಲ್ಲಿ, ಹಂದಿ ಸಾರಿನಿಂದ ದೂರದಲ್ಲಿ, ಕಾಯುತ್ತಿತ್ತು.

ಆಮೇಲೊಂದು ಬೇಸಿಗೆ, ತೋಟಾಗಳು ಮತ್ತೆ ಮುಷ್ಕರ ಹೂಡಿದವು. ಮೊದಲು ಇಬ್ಬರೂ ದೇಚಮ್ಮನವರ ಮುಖ ನೋಡಿದೆವು. “ಕಾವೇರಮ್ಮನಾಣೆ, ನಾನು ಆ ಡಬ್ಬಿ ಮುಟ್ಟಿಲ್ಲ,” ಅಂದರು. ಹೊಸ ಕೇಪು ತಂದೆವು. ಕೋವಿಯ ಸ್ಪ್ರಿಂಗು ಬದಲಾಯಿತು. ಆಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು: ಹಾರದ ತೋಟಾವನ್ನೇ ಮತ್ತೊಮ್ಮೆ ಹೊಡೆದರೆ ಹಾರುತ್ತಿತ್ತು. ಅಂದರೆ ಕೇಪು ತಳದವರೆಗೆ ಕೂತಿಲ್ಲ. ಸೂಜಿಯ ಮೊದಲ ಪೆಟ್ಟೆಲ್ಲ ಅದನ್ನು ಕೂರಿಸುವುದಕ್ಕೇ ಖರ್ಚಾಗುತ್ತಿತ್ತು, ಎರಡನೆಯದಕ್ಕೆ ಕಿಡಿ ಹಾರುತ್ತಿತ್ತು. ಇದನ್ನು ಪತ್ತೆ ಹಚ್ಚಿದ್ದಕ್ಕೆ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ. ಕೇಪು ಒತ್ತುವ ಪ್ರೆಸ್ಸು ಸವೆದಿದೆ ಎಂದು ಪೊನ್ನಪ್ಪ ಹೊಸ ಪ್ರೆಸ್ಸನ್ನೇ ತಂದ. ಅದರಲ್ಲೂ ಅದೇ ಕಥೆ.

ಒಂದೊಂದಾಗಿ ಎಲ್ಲವನ್ನೂ ಬದಲಾಯಿಸಿದ್ದೆವು. ಬದಲಾಯಿಸದೆ ಉಳಿದದ್ದು ಪ್ರೆಸ್ಸಿನ ಹಿಡಿಯನ್ನು ಒತ್ತುವ ಕೈ ಒಂದೇ. ಆ ಬೇಸಿಗೆಯಲ್ಲೇ ಒಂದು ಮಧ್ಯಾಹ್ನ ಪೊನ್ನಪ್ಪನಿಗೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸಲು ಆಗಲಿಲ್ಲ. ದೇಚಮ್ಮ ಕಸಿದುಕೊಂಡು ಒಂದೇ ತಿರುವಿಗೆ ತೆಗೆದರು. ಕೊಡಗಿನ ವೀರ ಎಂದು ಮೂವರೂ ಸೇರಿ ನಕ್ಕೆವು.

ಕೊನೆಗೆ ಪೊನ್ನಪ್ಪ ಡಾಕ್ಟರ ಹತ್ತಿರ ಹೋದ. ಅವರು ತಮ್ಮ ಎರಡು ಬೆರಳು ಕೊಟ್ಟು, ಹಿಂಡಿ ಎಂದರಂತೆ. ಅದೇ ಅವರು ಮಾಡಿದ ಮೊದಲ ಟೆಸ್ಟು. ನರಗಳ ಕಾಯಿಲೆ, ಉದ್ದನೆಯ ಹೆಸರು. ಮೊದಲು ಕೈ, ಆಮೇಲೆ ಕಾಲು, ಕೊನೆಗೆ ಉಸಿರು. ಇದಕ್ಕೆ ಒಂದು ಸಲಕ್ಕೆ ಒಂದನ್ನು ಬದಲಾಯಿಸಿ ನೋಡುವ ಸೌಲಭ್ಯ ಇಲ್ಲ. ಶನಿವಾರಗಳಂದು ನಾನು ಹೋಗುತ್ತಲೇ ಇದ್ದೆ. ಪೊನ್ನಪ್ಪ ಗಾಲಿಕುರ್ಚಿಯಲ್ಲಿ ಗ್ಯಾರೇಜಿಗೆ ಬರುತ್ತಿದ್ದ, ಖಾಲಿ ಪ್ರೆಸ್ಸನ್ನು ನೋಡುತ್ತಾ ಕೂರುತ್ತಿದ್ದೆವು. “ಈ ಬಗ್ ಫಿಕ್ಸ್ ಆಗಲ್ಲ ಜೋಶಿ, ಕ್ಲೋಸ್ ಮಾಡಿ,” ಎಂದ ಒಂದು ದಿನ. ನನಗೆ ವಿಪರೀತ ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಗೊತ್ತಿಲ್ಲ.

ಅವನು ಹೋದದ್ದು ಮರುವರ್ಷದ ಅಕ್ಟೋಬರಿನಲ್ಲಿ. ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಕೋವಿಯಿಂದ ಆಕಾಶಕ್ಕೆ ಒಂದು ಈಡು, ಸಾವಾದರೆ ಎರಡು. ಎರಡು ಕೇಳಿದವರು ಇದ್ದ ಕೆಲಸ ಬಿಟ್ಟು ಸಾವಿನ ಮನೆಗೆ ಹೊರಡುತ್ತಾರೆ. ಎವರೆಟ್‌ನ ಬೀದಿಯಲ್ಲಿ ಕೋವಿ ಎತ್ತಿದರೆ ಬರುವವರೇ ಬೇರೆ. ಅವನ ಅಂತ್ಯಕ್ರಿಯೆ ಸದ್ದಿಲ್ಲದೆ, ಚಿತಾಗಾರದಲ್ಲಿ ಒಂದು ಗುಂಡಿ ಒತ್ತುವುದರಲ್ಲಿ ಮುಗಿಯಿತು. ದೇಚಮ್ಮನವರಿಗೆ ಅದೇ ಕೊರಗಾಯಿತು. “ಇವರು ಸತ್ತದ್ದನ್ನ ಯಾರಿಗೂ ಹೇಳೇ ಇಲ್ಲ ಅನ್ಸುತ್ತೆ ಜೋಶಿಯವರೇ,” ಅಂದರು. ಊರಿಗೆಲ್ಲ ಫೋನ್ ಮಾಡಿ ಹೇಳಿದ್ದವರು ಅವರೇ.

ಒಂದು ಸೋಮವಾರ ಬೆಳಿಗ್ಗೆ ಇಬ್ಬರೂ ಬೆಟ್ಟದ ತಪ್ಪಲಿನ ಶೂಟಿಂಗ್ ರೇಂಜಿಗೆ ಹೋದೆವು. ವಾರಾಂತ್ಯವಾದರೆ ಅಲ್ಲಿ ನೂರಾರು ಈಡು, ನಮ್ಮ ಎರಡನ್ನು ಯಾರು ಕೇಳಬೇಕು? ಅಂಗಡಿಯ ತೋಟಾ ತಂದಿದ್ದೆ. ಅವರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಪೊನ್ನಪ್ಪ ಕೊನೆಯದಾಗಿ ಮಾಡಿಟ್ಟಿದ್ದ ತೋಟಾಗಳ ಡಬ್ಬಿಯಿಂದ ಎರಡು ತೆಗೆದು ತಾವೇ ಕೋವಿ ಎತ್ತಿದರು.

ಮೊದಲನೆಯದು ಹಾರಿತು. ಬೆಟ್ಟ ಅದನ್ನು ಒಮ್ಮೆ ಹೇಳಿ ಸುಮ್ಮನಾಯಿತು. ಎರಡನೆಯದು ‘ಟಿಕ್’ ಎಂದಿತು.

ಹಾರದ ತೋಟಾ ತಡವಾಗಿ ಸಿಡಿದರೂ ಸಿಡಿಯಬಹುದು, ಆದ್ದರಿಂದ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು. ನಾವು ಕಾದೆವು. ಕಾಯುತ್ತ ದೇಚಮ್ಮನವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು.

“ಒಂದೇ ಈಡು ಆಯ್ತಲ್ಲ. ಊರಲ್ಲಾಗಿದ್ರೆ ಗಂಡು ಮಗು ಹುಟ್ಟಿದೆ ಅಂತ ಎಲ್ಲ ಓಡಿ ಬರ್ತಿದ್ರು.” ಆಮೇಲೆ ಅತ್ತರು. ತೋಟಾ ಹೊರತೆಗೆದು ನನ್ನ ಅಂಗೈಗೆ ಹಾಕಿದರು. “ಏನಾಗಿದೆ ನೋಡಿ.”

ನೋಡುವುದಕ್ಕೇನಿತ್ತು? ಕೇಪಿನ ಮೇಲೆ ಸೂಜಿಯ ಗುರುತು ತೆಳ್ಳಗೆ ಬಿದ್ದಿತ್ತು. ಅವನ ಕೈಗೆ ಒತ್ತಲಾಗದೆ ಉಳಿದಿದ್ದ ಅಷ್ಟನ್ನು ಮೊದಲ ಪೆಟ್ಟು ಒತ್ತಿ ಮುಗಿಸಿತ್ತು. “ಏನೂ ಆಗಿಲ್ರಿ. ಇನ್ನೊಮ್ಮೆ ಹೊಡದ್ರ ಹಾರ್ತದ,” ಎಂದೆ.

“ಹಾಗಾದ್ರೆ ನೀವೇ ಹೊಡೀರಿ. ಹಾರದೇ ಇರೋದು ನಿಮ್ಮ ಇಲಾಖೆ ಅಲ್ವಾ?”

ಅದೇ ತೋಟಾ ತುಂಬಿ ಅವರು ಕೊಟ್ಟ ಕೋವಿ ನಾನು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಅವರೇ ನನ್ನ ಭುಜಕ್ಕೆ ಸರಿಯಾಗಿ ಆನಿಸಿ, ಕೆನ್ನೆ ಎಲ್ಲಿಡಬೇಕೆಂದು ತೋರಿಸಿದರು. ಇದು ಹಾರುವವರೆಗೆ ಸುದ್ದಿ ಅರ್ಧವೇ. ಹಾರುವವರೆಗೆ ಆ ಬೆಟ್ಟದ ಲೆಕ್ಕದಲ್ಲಿ ಒಂದು ಮಗು ಹುಟ್ಟಿದೆ, ಯಾರೂ ಸತ್ತಿಲ್ಲ. ಕೆಲಸ ಮಾಡದೇ ಇರುವುದನ್ನು ಹಿಡಿದು ಸರಿಮಾಡಿಸುವುದರಲ್ಲೇ ಬದುಕು ಸವೆಸಿದ ನಾನು, ಜೀವನದಲ್ಲಿ ಮೊದಲ ಸಲ, ಇದೊಂದು ಹಾರದಿರಲಿ ಎಂದು ಬೇಡಿಕೊಂಡು ಟ್ರಿಗರ್ ಎಳೆದೆ.

ಹಾರಿತು. ಪೊನ್ನಪ್ಪನ ತೋಟಾದಲ್ಲಿ ದೋಷವೇನೂ ಇರಲಿಲ್ಲ.