ತಾನಾಗಿ ಏರಿದ ತಂಬೂರಿ

ಇಂಥ ಮಾತನ್ನು ಬೇರೆಯವರು ಹೇಳಿದಾಗ ನಾನು ನಕ್ಕವನು. ಸತ್ತವರ ಹಾರ್ಮೋನಿಯಂ ಪೇಟಿ ತಾನೇ ನುಡಿಯಿತು, ಬೀಗ ಹಾಕಿದ ಕೋಣೆಯಲ್ಲಿ ತಬಲಾ ಕೇಳಿಸಿತು ಎಂಬ ಕಥೆಗಳಿಗೆ ನಮ್ಮ ಗದಗ ಸೀಮೆಯ ಹಾಡುವವರಲ್ಲಿ ಬರವಿಲ್ಲ. ಎಲ್ಲವೂ ಎಲೆ ಅಡಿಕೆಯ ಜೊತೆ ಅಗಿಯುವ ಮಾತು ಎಂದುಕೊಂಡಿದ್ದೆ. ಈಗ ನಗುವ ಸರದಿ ನಿಮ್ಮದು. ನಗಿರಿ, ನನಗೇನೂ ಬೇಸರವಿಲ್ಲ.

ಗದಗ ಬೇರೆ ಜಿಲ್ಲೆಯಾದ ಹೊಸದರಲ್ಲಿ ನಡೆದದ್ದು. ಲಕ್ಷ್ಮೇಶ್ವರದ ಹೆಸರಾಂತ ಗಾಯಕಿಯೊಬ್ಬರ ಹಿಂದೆ ಕೂತು ನಾನು ಇಪ್ಪತ್ತು ವರ್ಷ ತಂಬೂರಿ ಮೀಟಿದ್ದೇನೆ. ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು. ಅವರ ಶ್ರುತಿ ಕಪ್ಪು ನಾಲ್ಕು, ಅಂದರೆ ಪೇಟಿಯ ನಾಲ್ಕನೆಯ ಕಪ್ಪು ಮನೆ. ಅದಕ್ಕಿಂತ ಕೂದಲೆಳೆಯಷ್ಟು ಕೆಳಗೆ ಅವರು ಹಾಡಿದ್ದನ್ನು ಯಾರೂ ಕೇಳಿಲ್ಲ. ಕೊನೆಯ ವರ್ಷ ಮಾತ್ರ ಗಂಟಲು ಕೈಕೊಟ್ಟಿತು. ಮೇಲಿನ ಷಡ್ಜ ಮುಟ್ಟುವಾಗ ದನಿ ಒಡೆಯುತ್ತಿತ್ತು.

ಮುಂಡರಗಿಯ ಕಛೇರಿಯ ದಿನ ನಾನೊಂದು ಕಿತಾಪತಿ ಮಾಡಿದೆ. ಪೇಟಿಯವರನ್ನೂ ತಬಲಾದವರನ್ನೂ ಒಪ್ಪಿಸಿ, ತಂಬೂರಿಯನ್ನು ಗುಟ್ಟಾಗಿ ಕಪ್ಪು ಮೂರಕ್ಕೆ ಇಳಿಸಿಟ್ಟೆ. ಅಕ್ಕಾರು ಕಣ್ಣು ಮುಚ್ಚಿ ಹಾಡಿದರು. ದನಿ ಒಡೆಯಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ನೋಡಿದ್ಯೇನೋ ತಮ್ಮಾ, ಕಪ್ಪು ನಾಲ್ಕು ಇನ್ನೂ ನನ್ನ ಬಿಟ್ಟು ಹೋಗಿಲ್ಲ," ಎಂದರು ಜೀಪಿನಲ್ಲಿ.

ಅದೇ ಭರವಸೆಯಲ್ಲಿ ಲಕ್ಷ್ಮೇಶ್ವರದಲ್ಲಿ, ತಮ್ಮ ಊರಿನವರ ಮುಂದೆ, ಹಾಡಲು ಒಪ್ಪಿಕೊಂಡರು. ನನಗದು ನುಂಗಲಾರದ ತುತ್ತಾಯಿತು. ಖರೆ ಹೇಳಿದರೆ ಅವರು ಮತ್ತೆ ಹಾಡಲು ಬಾಯಿ ತೆರೆಯುವುದಿಲ್ಲ. ಹೇಳದಿದ್ದರೆ ಅವರ ಕೊನೆಯವರೆಗೂ ನಾನು ಮೋಸ ಮಾಡುತ್ತಲೇ ಇರಬೇಕು.

ಹೊಸ ತಂತಿ ಹಾಕಲೆಂದು ತಂಬೂರಿಯನ್ನು ಬೆಟಗೇರಿಯ ನನ್ನ ಮನೆಗೆ ತಂದಿದ್ದೆ. ತಂತಿ ಹಾಕಿ, ಕಪ್ಪು ಮೂರಕ್ಕೇ ಶ್ರುತಿ ಕೂಡಿಸಿ, ಗವಸು ತೊಡಿಸಿ ಒಳಕೋಣೆಯಲ್ಲಿ ಇಟ್ಟೆ. ಕಛೇರಿಯ ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಮನಸ್ಸು ತಡೆಯಲಿಲ್ಲ.

"ಇವತ್ತ ಹೋಗಿ ಅಕ್ಕಾರಿಗೆ ಎಲ್ಲಾ ಹೇಳಿಬಿಡ್ತೀನಿ," ಎಂದೆ.

"ಹೇಳಿ ಅವರ ಜೀವಾ ಯಾಕ ತಿಂತೀರಿ? ಸುಮ್ಮ ಉಣ್ರಿ," ಎಂದಳು ಹೆಂಡತಿ.

ಅಷ್ಟರಲ್ಲಿ ಒಳಗೆ ತಂತಿ ನುಡಿಯಿತು. ಒಂದೇ ಮೀಟು. ರೊಟ್ಟಿ ಬಡಿಸುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಒಳಗೆ ಯಾರೂ ಇರಲಿಲ್ಲ. ಗವಸು ಬಿಚ್ಚಿ ಮೀಟಿ ನೋಡಿದೆ. ಪೇಟಿ ತೆರೆದು ಒತ್ತಿ ನೋಡಿದೆ. ನಾಲ್ಕೂ ತಂತಿ ಕಪ್ಪು ನಾಲ್ಕರಲ್ಲಿದ್ದವು. ಬಿರಡೆ ಜಾರಿ ಶ್ರುತಿ ಇಳಿಯುವುದು ದಿನನಿತ್ಯದ ಮಾತು. ನಾಲ್ಕು ತಂತಿ ಒಂದಕ್ಕೊಂದು ಕೂಡಿಕೊಂಡು ತಾವಾಗಿ ಏರಿದ್ದನ್ನು ನಾನು ಕಂಡೂ ಇಲ್ಲ, ಕೇಳಿಯೂ ಇಲ್ಲ.

"ನಾ ಮುಟ್ಟಿಲ್ರಿ, ನಿಮ್ಮ ಆಣಿ," ಎಂದಳು ಹೆಂಡತಿ.

ಫೋನು ಬಡಿದುಕೊಂಡಿತು. ಎಂದೂ ತಾವಾಗಿ ಫೋನು ಮಾಡದ ಅಕ್ಕಾರು ಮಾತನಾಡಿದರು.

"ತಮ್ಮಾ, ಏರಸಬ್ಯಾಡೋ. ಮುಂಡರಗ್ಯಾಗ ಎಲ್ಲಿ ಇಟ್ಟಿದ್ದಿ ಅಲ್ಲೇ ಇರ್ಲಿ. ನಂಗ ಮ್ಯಾಲಿಂದು ಮುಟ್ಟಾಂಗಿಲ್ಲ."

ಅವರು ಫೋನು ಇಟ್ಟುಬಿಟ್ಟರು.

ತಂತಿಗಳನ್ನು ಮತ್ತೆ ಇಳಿಸಿದೆ. ಮರುದಿನ ಅಕ್ಕಾರು ತಮ್ಮ ಊರಿನಲ್ಲಿ ಹಾಡಿದರು. ಅದೇ ಅವರ ಕೊನೆಯ ಕಛೇರಿ. ಎರಡು ತಿಂಗಳಿಗೆ ತೀರಿಕೊಂಡರು. ಅಲ್ಲಿಯವರೆಗೆ ಎಷ್ಟೋ ಸಲ ಅವರ ಹಾಸಿಗೆಯ ಪಕ್ಕ ಕೂತಿದ್ದೆ. ಆ ಮಾತನ್ನು ಅವರು ತೆಗೆಯಲಿಲ್ಲ, ನನಗೂ ಧೈರ್ಯ ಬರಲಿಲ್ಲ.

ನನ್ನ ಮೋಸ ಅವರಿಗೆ ಗೊತ್ತಿತ್ತು ಎಂಬುದನ್ನು ಒಪ್ಪುತ್ತೇನೆ, ಆ ಕಿವಿ ಅಂಥದ್ದು. ಆದರೆ ನನ್ನ ಮನೆಯಲ್ಲಿದ್ದ ತಂಬೂರಿ ಏರಿದ್ದು ಲಕ್ಷ್ಮೇಶ್ವರದಲ್ಲಿದ್ದವರಿಗೆ ಹೇಗೆ ತಿಳಿಯಿತು? ಏರಿಸಿದ್ದು ಯಾರು? ಅವರೇ ಎನ್ನುತ್ತಾಳೆ ನನ್ನ ಹೆಂಡತಿ. ಅವರೇ ಆಗಿದ್ದರೆ, ಏರಿಸಬೇಡ ಎಂದು ನನಗೇಕೆ ಹೇಳಿದರು?