ಕುಂಬಳಕಾಯಿಗೆ ಮೊದಲ ಗೀಟು

ಎಡ ಮುಂಗೈ ಮೇಲೆ ಕೂದಲಿಲ್ಲದ ಗಂಡಸನ್ನು ಕಂಡರೆ ನಾನು ಈಗಲೂ ಮುಂದಿರುವ ತಟ್ಟೆಗೆ ಕೈ ಅಡ್ಡ ಹಿಡಿಯುತ್ತೇನೆ. ಚಾಕುವಿನ ಹುಚ್ಚು ಹಿಡಿದವರ ಗುರುತು ಅದು. ಅಲಗು ಎಷ್ಟು ಹರಿತ ಎಂದು ನೋಡಲು ತಮ್ಮ ಕೈ ಕೂದಲನ್ನೇ ಬೋಳಿಸಿಕೊಳ್ಳುತ್ತಾರೆ. ಬೋಳಿಸಿ, ಉಫ್ ಎಂದು ಊದುತ್ತಾರೆ. ಊದಿದ ಕೂದಲು ಎಲ್ಲಿ ಬಿತ್ತು ಎಂದು ಯಾರೂ ನೋಡುವುದಿಲ್ಲ. ನಾನು ನೋಡಿದ್ದೇನೆ, ಅದು ನಮ್ಮಮ್ಮ ಇಟ್ಟಿದ್ದ ಕೋಡುಬಳೆ ತಟ್ಟೆಯ ಮೇಲೆ ಬಿತ್ತು. ನನ್ನ ಎಡ ಮುಂಗೈಯೂ ನಾಲ್ಕು ವರ್ಷ ಹಾಗೇ ಬೋಳಾಗಿತ್ತು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನೇನೂ ದೂರ ನಿಂತು ಮೂಗು ಮುರಿಯುತ್ತಿಲ್ಲ.

ನಾವು ಹನ್ನೊಂದು ಜನ ಇದ್ದೆವು. ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಎಲ್ಲರೂ ಮಡಿಸುವ ಚಾಕು ಮಾಡುವ ಒಂದೇ ಕಂಪನಿಯ ಭಕ್ತರು. ಸಮುದ್ರದಾಚೆ ಎಲ್ಲೋ ಇರುವ ಆ ಕಂಪನಿಯನ್ನು ‘ನಮ್ಮ ಕಂಪನಿ’ ಎನ್ನುತ್ತಿದ್ದೆವು, ಅದರಲ್ಲಿ ನಮ್ಮಪ್ಪಂದಿರ ಪಾಲಿತ್ತೇನೋ ಎನ್ನುವ ಹಾಗೆ. ಅವರಿಗೆ ಮೈಸೂರು ಅಂತ ಒಂದು ಊರಿದೆ ಎಂದೇ ಗೊತ್ತಿರಲಾರದು. ಆದರೂ ನಾವು ಅವರ ಗುರುತಿರುವ ಅಂಗಿ ಹೊಲಿಸಿಕೊಂಡು, ಅವರ ಚಾಕುಗಳನ್ನು ಮಹಡಿಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿ, ಹಿಂದೆ ಚಾಮುಂಡಿ ಬೆಟ್ಟ ಕಾಣುವ ಹಾಗೆ ಫೋಟೋ ತೆಗೆದು ಅವರಿಗೇ ಕಳಿಸುತ್ತಿದ್ದೆವು. ಒಮ್ಮೆಯೂ ಉತ್ತರ ಬರಲಿಲ್ಲ. ಅದನ್ನೂ ನಾವು ದೊಡ್ಡವರ ಗಾಂಭೀರ್ಯ ಎಂದುಕೊಂಡೆವು.

ಒಂದು ಸಲ ಹೊಸದಾಗಿ ಬಂದ ಒಬ್ಬರು ಬೇರೆ ಕಂಪನಿಯ ಚಾಕು ತಂದಿದ್ದರು. ನಮ್ಮ ಗುಂಪಿನ ಹಿರಿಯರು ದಂತವೈದ್ಯರು. ಅವರು ಆ ಚಾಕುವನ್ನು ಎರಡು ಬೆರಳಲ್ಲಿ ಹಿಡಿದು, ಹೊರಗೆ ಹೋಗಿ, ಚಪ್ಪಲಿಗಳ ಪಕ್ಕದಲ್ಲಿಟ್ಟು ಬಂದು ಕೂತರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಮನುಷ್ಯ ಕಾಫಿ ಕುಡಿಯುವವರೆಗೆ ಹೇಗೋ ಕೂತಿದ್ದು ಎದ್ದು ಹೋದರು. ಮತ್ತೆ ಬರಲಿಲ್ಲ. ಕಾಫಿ ಪುಡಿಗೆ ಮೂರು ತಲೆಮಾರು ಅಂಗಡಿ ಬದಲಿಸದ ಜನ ನಮ್ಮ ಊರಿನವರು, ನಿಷ್ಠೆ ಎಂದರೆ ಏನೆಂದು ನನಗೂ ಗೊತ್ತು. ಆದರೆ ಕಾಫಿಯನ್ನು ಕುಡಿಯುತ್ತೇವೆ. ನಾವು ಹನ್ನೊಂದು ಜನ ಆ ಚಾಕುಗಳಿಂದ ಏನನ್ನೂ ಕೊಯ್ಯುತ್ತಿರಲಿಲ್ಲ.

ಅದೇ ನಮ್ಮ ದೊಡ್ಡ ನಿಯಮ. ಕೈ ಕೂದಲು ಬಿಟ್ಟರೆ ಅಲಗಿಗೆ ಬೇರೇನೂ ತಾಗಬಾರದು. ತಾಗಿದರೆ ಅದರ ಬೆಲೆ ಹೋಯಿತು, ಮಾನ ಹೋಯಿತು. ನಮ್ಮಲ್ಲೊಬ್ಬರ ಹೆಂಡತಿ ತಿಳಿಯದೆ ಒಂದು ಚಾಕುವಿನಲ್ಲಿ ನಿಂಬೆಹಣ್ಣು ಹೆಚ್ಚಿದರಂತೆ. ‘ಅದು ಅಡುಗೆಮನೆಗೆ ಹೋಗ್ಬುಡ್ತು ಕಣ್ರೀ’ ಎಂದು ಆಕೆಯ ಗಂಡ ಸಾವಿನ ಸುದ್ದಿಯ ಹಾಗೆ ಹೇಳಿದರು. ನಾವು ಒಬ್ಬೊಬ್ಬರೇ ಅವರ ಹೆಗಲು ತಟ್ಟಿದೆವು.

ನಮ್ಮಪ್ಪನಿಗೂ ಒಂದು ಚಾಕು ಇತ್ತು. ಅವರು ಪುಸ್ತಕ ಬೈಂಡಿಂಗ್ ಮಾಡುತ್ತಿದ್ದರು. ದಿನವಿಡೀ ರಟ್ಟು, ಕಾಗದ, ಬಟ್ಟೆ ಕೊಯ್ದು, ಕಲ್ಲಿಗೆ ಉಜ್ಜಿ ಉಜ್ಜಿ ಅದರ ಅಲಗು ಕಿರುಬೆರಳಿನಷ್ಟು ಸಣ್ಣಗಾಗಿತ್ತು. ಮೇಲೆ ಯಾವ ಕಂಪನಿಯ ಹೆಸರಿತ್ತೋ, ಸವೆದು ಹೋಗಿತ್ತು. ಮನೆಯಲ್ಲಿ ಆ ಚಾಕುವಿಗೆ ಒಂದೇ ಕೆಲಸ. ನಮ್ಮ ಕಡೆ ಇಡೀ ಕುಂಬಳಕಾಯಿಯನ್ನು ಹೆಂಗಸರು ಮೊದಲು ಕೊಯ್ಯುವುದಿಲ್ಲ. ಗಂಡಸೊಬ್ಬ ಮೊದಲ ಗೀಟು ಹಾಕಿಕೊಡಬೇಕು, ಆಮೇಲೆ ಅವರು ಹೋಳು ಮಾಡಿಕೊಳ್ಳುತ್ತಾರೆ. ಅಮ್ಮ ಕರೆದರೆ ಅಪ್ಪ ಪೇಪರ್ ಮಡಿಸಿಟ್ಟು, ಕೈ ತೊಳೆದು, ಒಂದೇ ಏಟಿಗೆ ಗೀಟು ಹಾಕಿ, ‘ನನ್ನ ಅಡುಗೆ ಆಯ್ತು’ ಎಂದು ಹೇಳಿ ಹೋಗುತ್ತಿದ್ದರು. ಅಮ್ಮ ಪ್ರತಿಸಲವೂ ನಗುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಒಂದು ವರ್ಷ ನಮ್ಮ ಮನೆಗೆ ಕುಂಬಳಕಾಯಿ ಬರಲಿಲ್ಲ. ನಾವಿಬ್ಬರೇ ಇದ್ದ ಮನೆಗೆ ಸೋರೆಕಾಯಿ, ಸೀಮೆಬದನೆ ಸಾಕಾಗುತ್ತಿತ್ತು. ವರ್ಷದ ತಿಥಿ ಮುಗಿದ ಮೇಲೆ ಗುಂಪು ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲಿ ಸೇರುವ ಸರದಿ ಬಂತು. ಆ ಭಾನುವಾರ ಬೆಳಿಗ್ಗೆ ಎದ್ದು ನೋಡುತ್ತೇನೆ, ಅಡುಗೆಮನೆಯ ಕಟ್ಟೆ ಮೇಲೆ ಇಡೀ ಒಂದು ಕುಂಬಳಕಾಯಿ. ಕೆಸರೆಯಿಂದ ಗಾಡಿ ತಳ್ಳಿಕೊಂಡು ಬರುವ ತರಕಾರಿಯವಳ ಹತ್ತಿರ ಆರಿಸಿ ತೆಗೆದುಕೊಂಡಿದ್ದರು.

“ಹೋಳು ತಗೋ ಅಂದ್ಲು, ನಾನೇ ಬೇಡ ಅಂದೆ,” ಎಂದರು ಅಮ್ಮ. “ಇವತ್ತು ಮನೆ ತುಂಬ ಚಾಕು ಇರೋರೇ ಬರ್ತಾರಲ್ಲ. ಹುಳಿ ಮಾಡ್ತೀನಿ. ಮೊದಲ ಗೀಟು ನೀನು ಹಾಕ್ಕೊಡು.”

ಅಪ್ಪನ ಹಳೇ ಚಾಕು ಅಡುಗೆಮನೆಯ ಗೋಡೆಗೂಡಿನಲ್ಲೇ ಇತ್ತು, ಅದನ್ನು ಅವರು ತೋರಿಸಲಿಲ್ಲ. ಮಗನ ಚಾಕುವಿನಲ್ಲೇ ಆಗಲಿ ಎಂದು ಅವರಿಗೆ ಆಸೆ. ಅದು ಅವರ ಮುಖದಲ್ಲೇ ಕಾಣುತ್ತಿತ್ತು. ನಾನು ‘ಹೂಂ, ಆಮೇಲೆ’ ಎಂದು ಕುರ್ಚಿ ಜೋಡಿಸಲು ಹೋದೆ.

ಹತ್ತು ಗಂಟೆಗೆ ಎಲ್ಲರೂ ಬಂದರು. ಚಾಪೆಯ ಮೇಲೆ ಮಖಮಲ್ ಬಟ್ಟೆ ಹಾಸಿ ಪೆಟ್ಟಿಗೆಗಳನ್ನು ಬಿಚ್ಚಿದರು. ಅಲಗಿಗೆ ಹಚ್ಚುವ ಎಣ್ಣೆಯ ಕಮಟು ಮನೆಯನ್ನೆಲ್ಲ ತುಂಬಿತು. ದಂತವೈದ್ಯರು ಒಂದು ಅಲಗನ್ನು ಬೆಳಕಿಗೆ ಹಿಡಿದು, ಕೂದಲು ಬೋಳಿಸಿ, ಊದಿದರು. ಕೋಡುಬಳೆ ತಟ್ಟೆಯ ವಿಷಯ ಆಗಲೇ ಹೇಳಿದೆ. ಪಕ್ಕದವರು ಅದೇ ತಟ್ಟೆಗೆ ಕೈ ಹಾಕಿ, ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡರು.

ಹನ್ನೊಂದರ ಹೊತ್ತಿಗೆ ಅಮ್ಮ ಕುಂಬಳಕಾಯಿಯನ್ನು ಹರಿವಾಣದಲ್ಲಿಟ್ಟುಕೊಂಡು ಹಜಾರಕ್ಕೆ ಬಂದರು.

“ಬೇಳೆ ಬೆಂದಿದೆ ಕಣೋ. ಒಂದು ಗೀಟು ಹಾಕ್ಕೊಟ್ಬುಡು.”

ನಾನು ಮೇಲೆದ್ದೆ. ನನ್ನ ಮುಂದೆ ನನ್ನವೇ ಏಳು ಚಾಕುಗಳಿದ್ದವು. ಒಂದನ್ನು ತೆಗೆದು ಬಿಚ್ಚಿದೆ.

“ಏನು ಮಾಡ್ತಿದೀರಾ? ಕಾಯಿ ಅಂಟು ಹೋಗಲ್ಲ, ಕಲೆ ಹಂಗೇ ಉಳ್ಕೊಳ್ಳತ್ತೆ. ಆ ಮಾಡೆಲ್ ಮತ್ತೆ ಸಿಗಲ್ಲ,” ಎಂದರು ದಂತವೈದ್ಯರು.

ನಾನು ಅಲಗನ್ನು ನೋಡಿದೆ. ಹತ್ತು ಜನರೂ ನನ್ನನ್ನೇ ನೋಡುತ್ತಿದ್ದರು. ಒಬ್ಬರು ತಲೆಯಾಡಿಸಿ ಬೇಡ ಎಂದರು. ನಾನು ಚಾಕು ಮಡಿಸಿದೆ. ಬೇರೆ ಯಾರಾದರೂ ಕೊಡಬಹುದು ಎಂದು ಸುತ್ತ ನೋಡಿದರೆ, ಎಲ್ಲರ ಕೈಯೂ ಅವರವರ ಪೆಟ್ಟಿಗೆಯ ಮುಚ್ಚಳದ ಮೇಲಿತ್ತು.

“ಇವು ಕೊಯ್ಯೋದಕ್ಕಲ್ಲಮ್ಮ,” ಎಂದರು ದಂತವೈದ್ಯರು, ತುಂಬ ಮರ್ಯಾದೆಯಿಂದ.

“ಮತ್ಯಾತಕ್ಕೆ?” ಎಂದು ಅಮ್ಮ ಕೇಳಿದರು. ಅವರು ಅಣಕಿಸಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು.

ಒಬ್ಬರಿಗೆ ಆ ಹಳದಿ ಬಣ್ಣ ಫೋಟೋಗೆ ಚೆನ್ನಾಗಿದೆ ಅನ್ನಿಸಿತು. ಕಾಯಿಯ ಮೇಲೆ ಕರವಸ್ತ್ರ ಹಾಸಿ, ಅಲಗಿಗೆ ಸಿಪ್ಪೆ ತಾಗದ ಹಾಗೆ ಅದರ ಮೇಲೆ ಚಾಕುಗಳನ್ನಿಟ್ಟರು. “ಸ್ವಲ್ಪ ಮೇಲೆ ಹಿಡೀರಮ್ಮ, ಹಾಂ, ಸ್ವಲ್ಪ ಈ ಕಡೆ,” ಎಂದರು. ಒಂದು ವರ್ಷ ಕುಂಬಳಕಾಯಿ ತಾರದ ನಮ್ಮಮ್ಮ ಆ ಭಾರದ ಹರಿವಾಣ ಹಿಡಿದು, ಹೇಳಿದ ಕಡೆಗೆ ತಿರುಗುತ್ತ, ಮೇಜಿನ ಹಾಗೆ ನಿಂತಿದ್ದರು. ನಾನು ಅಲ್ಲೇ ನಿಂತಿದ್ದೆ. ಹರಿವಾಣಕ್ಕೆ ಕೈ ಕೊಡಲೂ ಇಲ್ಲ, ಸಾಕು ಎನ್ನಲೂ ಇಲ್ಲ. ಕೊನೆಗೆ ನನ್ನ ಚಾಕುವೂ ಫೋಟೋದಲ್ಲಿ ಬರಲಿ ಎಂದು ಅದನ್ನು ಕರವಸ್ತ್ರದ ತುದಿಗಿಟ್ಟವನು ನಾನೇ.

ಫೋಟೋ ಮುಗಿಯಿತು. ಅಮ್ಮ ಕಾಯಿ ಎತ್ತಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಧಡ್ ಎಂದು ಒಂದು ಸದ್ದಾಯಿತು. ಎದ್ದು ಹೋಗಿ ನೋಡಿದೆ. ಕಾಯಿ ಎರಡು ಹೋಳಾಗಿ ಬಿದ್ದಿತ್ತು. ಅಮ್ಮನ ಕೈಯಲ್ಲಿ ಅಪ್ಪನ ಸವೆದ ಚಾಕು ಇತ್ತು.

“ನೀನೇ ಕೊಯ್ಬುಟ್ಯಾ?” ಎಂದೆ.

ಅವರು ಬೀಜ ತೆಗೆಯುತ್ತಲೇ ಇದ್ದರು. “ಶಾಸ್ತ್ರ ತಪ್ಪಿಲ್ಲ ಕಣೋ. ಮನೇಲಿ ಗಂಡಸರಿಲ್ದೆ ಇದ್ರೆ ಹೆಂಗಸರೇ ಕೊಯ್ಕೋಬಹುದು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಹಜಾರದಿಂದ ಹತ್ತು ಜನರ ನಗು ಕೇಳುತ್ತಿತ್ತು. ಮಧ್ಯಾಹ್ನ ಎಲ್ಲರೂ ಚಪ್ಪರಿಸಿಕೊಂಡು ಹುಳಿ ಅನ್ನ ಉಂಡರು. ಬಡಿಸಿದವನು ನಾನು. ದಂತವೈದ್ಯರು ಎರಡು ಸಲ ಹೋಳು ಹಾಕಿಸಿಕೊಂಡು, ಹೀಗೆ ಸಮನಾಗಿ ಹೆಚ್ಚಲು ಒಳ್ಳೆ ಕೈ ಬೇಕು ಎಂದು ಹೊಗಳಿದರು.

ಮುಂದಿನ ತಿಂಗಳಿಂದ ನಾನು ಗುಂಪಿಗೆ ಹೋಗಲಿಲ್ಲ. ಅದೇನು ದೊಡ್ಡ ಸಾಹಸವಲ್ಲ. ಕೈಯ ಕೂದಲು ಮತ್ತೆ ಬೆಳೆದಿದೆ. ಒಂದು ಭಾನುವಾರ ಕಟ್ಟೆಯ ಮೇಲೆ ಇಡೀ ಕುಂಬಳಕಾಯಿ ಕಂಡು, ಪೆಟ್ಟಿಗೆಯಿಂದ ಆ ಮತ್ತೆ ಸಿಗದ ಮಾಡೆಲ್ಲನ್ನೇ ತೆಗೆದುಕೊಂಡು, ಕೈ ತೊಳೆದು, ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅಮ್ಮ ತಲೆಯೆತ್ತಿ ಚಾಕುವನ್ನೂ ನೋಡಿದರು, ನನ್ನನ್ನೂ ನೋಡಿದರು.

“ಬೇಡ ಬುಡಪ್ಪ, ಕಲೆ ಆಗತ್ತೆ,” ಎಂದು ಹೇಳಿ, ಗೂಡಿನಿಂದ ಅಪ್ಪನ ಚಾಕು ತೆಗೆದುಕೊಂಡರು.